ಮಾವು ಮೊದಲೋ, ಜಾಡಿ ಮೊದಲೋ?



ಕಳೆದ ವೈಶಾಖಮಾಸದ ಒಂದು ಸಂಜೆ ನನ್ನ ತಂಗಿಯ ಮಗನು ನಾಲ್ಕಾರು ಬಣ್ಣದ ಚಿತ್ರಗಳ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದನು. ಅವನಿಗೆ ಈಗ ಇಪ್ಪತ್ತಮೂರು ವರ್ಷ. ಉದ್ಯೋಗಕ್ಕೆ ಸೇರಿ ಒಂದು ವರ್ಷವಾಯಿತು. ತಿಂಗಳ ಸಂಬಳದಲ್ಲಿ ಮಿಗಿಸಿ ಮಿಗಿಸಿ ನಲವತ್ತು ಸಾವಿರ ರೂಪಾಯಿಗಳನ್ನು ಕೂಡಿಹಾಕಿರುವನು. ಮಹಡಿಯ ಮೇಲಿನ ಚಿಕ್ಕ ಕೋಣೆಯಲ್ಲಿ ಹಾಡುಗಳನ್ನು ತಾನೇ ಕಟ್ಟಿ ತಾನೇ ಧ್ವನಿಮುದ್ರಣ ಮಾಡಿಕೊಳ್ಳಬೇಕೆಂಬುದು ಅವನ ಮನೋರಥ. “ಮಾವ, ಸಿಂಥಸೈಜರು ಕೊಳ್ಳಲೋ, ಸ್ಯಾಂಪ್ಲರು ಕೊಳ್ಳಲೋ? ನೀವು ಹೇಳಿದಂತೆ ಮಾಡುತ್ತೇನೆ,” ಎಂದು ಕೇಳಿದನು.

ಶಬ್ದರೂಪ ಧಾತುರೂಪಗಳನ್ನು ಹೇಳಿಕೊಡುವುದರಲ್ಲಿಯೇ ಆಯುಸ್ಸಿನ ಬಹುಭಾಗವನ್ನು ಕಳೆದ ಮೇಷ್ಟರನ್ನು ಈ ಪ್ರಶ್ನೆ ಕೇಳುವುದು ವಿಚಿತ್ರವೆಂದು ತಮಗೆ ತೋರಬಹುದು. ಆದರೆ ಈ ವಿಷಯದಲ್ಲಿ ನನಗೂ ಸ್ವಲ್ಪ ಅಧಿಕಾರವುಂಟು. ಅದು ಪಾಂಡಿತ್ಯದಿಂದ ಬಂದುದಲ್ಲ, ಒಂದು ತಪ್ಪಿನಿಂದ ಬಂದುದು. ಅದನ್ನು ಮುಂದೆ ಅರಿಕೆಮಾಡುವೆನು. ಇಂದು ಅನೇಕ ಮನೆಗಳಲ್ಲಿ ಮಕ್ಕಳು ಹಿರಿಯರ ಮುಂದೆ ಇದೇ ಪ್ರಶ್ನೆಯನ್ನು ಇಡುತ್ತಿರುವುದರಿಂದ, ಈ ತಿಂಗಳ ನಾಲ್ಕು ಮಾತುಗಳನ್ನು ಇದಕ್ಕೇ ಮೀಸಲಿಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ತಂತಿಯುಳ್ಳುದು ತತ, ಚರ್ಮ ಬಿಗಿದುದು ಅವನದ್ಧ, ತಾಳ ಮೊದಲಾದುವು ಘನ, ಊದುವುದು ಸುಷಿರ. ಈ ಹೊಸ ಪೆಟ್ಟಿಗೆಗಳಲ್ಲಿ ತಂತಿಯಿಲ್ಲ, ಚರ್ಮವಿಲ್ಲ, ಕಂಚಿಲ್ಲ, ಕೊಳವೆಯಿಲ್ಲ. ಕಟ್ಟಕಡೆಗೆ ಧ್ವನಿಯು ಹೊರಡುವುದು ಸ್ಪೀಕರಿನೊಳಗೆ ಕಂಪಿಸುವ ಒಂದು ಹಾಳೆಯಿಂದ. ಹಟ ಹಿಡಿದರೆ ಅವನದ್ಧವರ್ಗಕ್ಕೆ ಸೇರಿಸಬಹುದೇನೋ! ಈ ಎರಡು ಯಂತ್ರಗಳಿಗಿರುವ ಭೇದವನ್ನು ತಿಳಿಯುವುದಕ್ಕಾದರೋ ಶಾಸ್ತ್ರಕ್ಕಿಂತ ಅಡಿಗೆಯ ಮನೆಯೇ ಹೆಚ್ಚು ಸಹಾಯಕ.

ಸಿಂಥಸೈಜರೆಂಬುದು ಅಕ್ಕಿ ಬೇಳೆ ಹುಣಿಸೆಹಣ್ಣುಗಳಿಂದ ಆಗಿಂದಾಗ ಅಡಿಗೆ ಮಾಡುವ ಯಂತ್ರ. ಅದರಲ್ಲಿ ಆಸಿಲೇಟರು ಎಂಬ ಭಾಗವು ಒಂದೇ ಸಮನಾದ ಆಂದೋಲನವನ್ನು ಹುಟ್ಟಿಸುತ್ತದೆ. ಇದು ಹಸಿಯ ಪದಾರ್ಥ. ಫಿಲ್ಟರು ಎಂಬುದು ಜರಡಿಯಂತೆ ಆ ನಾದದೊಳಗಿನ ತೀಕ್ಷ್ಣವಾದ ಅಂಶಗಳನ್ನು ನಮಗೆ ಬೇಕಾದಷ್ಟು ಸೋಸಿ ತೆಗೆಯುತ್ತದೆ. ಮೂರನೆಯದು ಎನ್ವೆಲಪ್. ನಾದವು ಎಷ್ಟು ಬೇಗ ಏರಬೇಕು, ಏರಿ ಎಷ್ಟು ಇಳಿಯಬೇಕು, ಎಲ್ಲಿ ನಿಲ್ಲಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತಿಗೆ ಅಡಗಬೇಕು, ಎಂಬ ನಾಲ್ಕು ಅವಸ್ಥೆಗಳನ್ನು ಇದು ನಿಯಮಿಸುತ್ತದೆ. ವೀಣೆಯ ತಂತಿಯನ್ನು ಮೀಟಿದರೆ ನಾದವು ಥಟ್ಟನೆ ಎದ್ದು ಮೆಲ್ಲಮೆಲ್ಲನೆ ಕರಗುವುದು. ಕೊಳಲಿನಲ್ಲಾದರೆ ಮೆಲ್ಲನೆ ತುಂಬಿ ಉಸಿರಿರುವವರೆಗೂ ನಿಲ್ಲುವುದು. ಕಿವಿಯು ಇದು ವೀಣೆ ಇದು ಕೊಳಲು ಎಂದು ಗುರುತಿಸುವುದರಲ್ಲಿ ಈ ಅವಸ್ಥೆಗಳಿಗೆ ದೊಡ್ಡ ಪಾಲುಂಟು. ಈ ಗುಂಡಿಗಳನ್ನು ತಿರುಗಿಸುತ್ತ ಹೋದರೆ ಲೋಕದಲ್ಲಿ ಹಿಂದೆ ಇಲ್ಲದಿದ್ದ ನಾದಗಳೂ ಹುಟ್ಟುವುವು. ಅದೇ ಈ ಯಂತ್ರದ ವೈಭವ.

ಅಮೆರಿಕದ ರಾಬರ್ಟ್ ಮೋಗ್ ಎಂಬ ಇಂಜಿನಿಯರು ೧೯೬೪ರಲ್ಲಿ ಇಂತಹ ಯಂತ್ರವೊಂದನ್ನು ಜನರ ಮುಂದಿಟ್ಟನು. ಆ ಬಗೆಯ ಯಂತ್ರಗಳು ಕಪಾಟುಗಳಷ್ಟು ದೊಡ್ಡವು. ೧೯೭೦ರಲ್ಲಿ ಬಂದ ಮಿನಿಮೋಗ್ ಎಂಬುದನ್ನು ಒಬ್ಬನೇ ಎತ್ತಿಕೊಂಡು ಹೋಗಬಹುದಾಗಿದ್ದಿತು. ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿಯೇ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರನು ಮೋಗ್ ಯಂತ್ರವನ್ನಿಟ್ಟು ಒಂದು ಪ್ರಯೋಗಶಾಲೆಯನ್ನು ಏರ್ಪಡಿಸಿದನು. ಮುಂಬಯಿಯ ಚಲನಚಿತ್ರಗಳ ವಾದ್ಯಗಾರರಾಗಿದ್ದ ಚರಣಜಿತ್ ಸಿಂಗರು ೧೯೮೨ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನ ಮೇಲೆ ನುಡಿಸಿ ಒಂದು ಧ್ವನಿಮುದ್ರಿಕೆಯನ್ನೇ ಹೊರತಂದರು. ಆಗ ಅದನ್ನು ಕೇಳಿದವರು ಕಡಮೆ. ೨೦೧೦ರಲ್ಲಿ ಮತ್ತೆ ಪ್ರಕಟವಾದಾಗ ವಿದೇಶಗಳ ಯುವಕರು ಬೆರಗಾಗಿ ಆಲಿಸಿದರು.

ಇನ್ನು ಸ್ಯಾಂಪ್ಲರು. ಇದು ಉಪ್ಪಿನಕಾಯಿಯ ಜಾಡಿ. ಅಂಗಡಿಯಿಂದ ತಂದಾಗ ಜಾಡಿಯೊಳಗೆ ಮಾವಿನಕಾಯಿ ಇರುವುದಿಲ್ಲ. ಇದ್ದರೂ ಅದು ಇನ್ನೊಬ್ಬರ ತೋಪಿನದು. ಇದಕ್ಕೆ ಹೊರಗಿನ ಒಂದು ನಿಜವಾದ ಶಬ್ದವನ್ನು, ಘಂಟೆಯದೋ ಮದ್ದಲೆಯದೋ ಮಳೆಯದೋ ಆಗಲಿ, ಮೈಕಿನ ಮೂಲಕ ಕೊಟ್ಟರೆ, ಅದನ್ನು ಅಂಕೆಗಳಾಗಿ ಮಾಡಿ ಕೂಡಿಟ್ಟುಕೊಂಡು, ಕೀಲಿಯನ್ನು ಒತ್ತಿದಾಗಲೆಲ್ಲ ಬೇಕಾದ ಶ್ರುತಿಯಲ್ಲಿ ಹೊರಗೆಡಹುತ್ತದೆ. ಇದರ ಹುಟ್ಟೂ ಸ್ವಾರಸ್ಯವಾದುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್, ಕಿಮ್ ರೈರೀ ಎಂಬ ಇಬ್ಬರು ಗೆಳೆಯರು ನಿಜವಾದ ವಾದ್ಯಗಳ ನಾದವನ್ನು ಯಂತ್ರದಲ್ಲಿ ಲೆಕ್ಕಹಾಕಿ ಹುಟ್ಟಿಸಲು ಬಹಳ ಹೆಣಗಿದರು. ನಾದವು ಒಪ್ಪವಾಗಿ ಬರಲಿಲ್ಲ. ಒಂದು ದಿನ ವೋಗೆಲನು ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋ ವಾದನದ ಒಂದು ತುಣುಕನ್ನು ಹಿಡಿದು ಬೇರೆಬೇರೆ ಶ್ರುತಿಗಳಲ್ಲಿ ನುಡಿಸಿ ನೋಡಲಾಗಿ, ಅಷ್ಟು ದಿನದ ಲೆಕ್ಕಗಳಿಂದ ಬಾರದ ಜೀವಕಳೆ ಅದರಲ್ಲಿ ಬಂದಿತು. ೧೯೭೯ರಲ್ಲಿ ಅವರು ಹೊರತಂದ ಫೇರ್‌ಲೈಟ್ ಎಂಬ ಯಂತ್ರವು ಹೀಗೆ ಸಿದ್ಧವಾಯಿತು.

ಶಬ್ದವನ್ನು ಅಂಕೆಗಳಾಗಿ ಮಾಡುವುದು ಹೇಗೆಂದರೆ, ಗಾಳಿಯ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ ೪೪,೧೦೦ ಸಲ ಅಳೆದು ಬರೆದಿಡುವುದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಿಸುವುದು. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಕಿವಿಗೆ ಬೇಕಾದುದೆಲ್ಲ ಉಳಿಯುತ್ತದೆಂಬುದು ಗಣಿತದ ನಿಯಮ. ಈ ಲೆಕ್ಕದಲ್ಲಿ ಎಡ ಬಲ ಎರಡು ಕಿವಿಗಳಿಗೂ ಒಂದು ನಿಮಿಷದ ಶಬ್ದವು ಒಂದು ಕೋಟಿ ಬೈಟುಗಳಿಗೆ ಸ್ವಲ್ಪ ಹೆಚ್ಚಾಗುವುದು. ೧೯೮೭ರಲ್ಲಿ ಹೆಸರಾದ ಎಸ್‌ಪಿ-೧೨೦೦ ಎಂಬ ಸ್ಯಾಂಪ್ಲರಿನಲ್ಲಿ ಒಟ್ಟು ಹಿಡಿಸುತ್ತಿದ್ದುದು ಸುಮಾರು ಹತ್ತು ಸೆಕೆಂಡುಗಳ ಶಬ್ದ ಮಾತ್ರ. ಇಂದು ಮಕ್ಕಳ ಕೈಯ ಫೋನಿನಲ್ಲಿಯೇ ದಿನಗಟ್ಟಲೆಯ ಶಬ್ದವು ಹಿಡಿಸುವುದು. ಆದುದರಿಂದ ಜಾಡಿಯ ಗಾತ್ರದ ಚಿಂತೆ ಈಗ ಇಲ್ಲ. ಅದರೊಳಗೆ ಏನನ್ನು ಹಾಕುವೆವೆಂಬುದೇ ಚಿಂತೆ.

ಈಗ ನನ್ನ ತಪ್ಪಿನ ಕಥೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಮಕ್ಕಳ ತಾಯಿತಂದೆಗಳು ಚಂದಾ ಎತ್ತಿ, ಶಾಲೆಯ ಪ್ರಾರ್ಥನೆಗೆಂದು ಒಂದು ಕೀಬೋರ್ಡನ್ನು ಕೊಡಿಸಲು ಮುಂದೆ ಬಂದರು. ಆಯ್ಕೆಯ ಭಾರವು ನನ್ನ ಮೇಲೆ ಬಿದ್ದಿತು. ಅಂಗಡಿಯಲ್ಲಿ ಒಂದೇ ಬೆಲೆಯ ಎರಡು ಇದ್ದುವು. ಒಂದರಲ್ಲಿ ಐದುನೂರು ಧ್ವನಿಗಳು, ಇನ್ನೊಂದರಲ್ಲಿ ನೂರಿಪ್ಪತ್ತು. ಲೆಕ್ಕದ ಮೇಷ್ಟರೂ ನಾನೂ ಅಲ್ಲಿಯೇ ನಿಂತು ಭಾಗಾಕಾರ ಮಾಡಿ, ಒಂದೊಂದು ಧ್ವನಿಗೆ ಎಷ್ಟು ಬೀಳುವುದೆಂದು ಕಂಡುಹಿಡಿದು, ಐದುನೂರರದನ್ನೇ ಸಂಭ್ರಮದಿಂದ ತಂದೆವು. ಸಂಗೀತದ ಉಪಾಧ್ಯಾಯಿನಿಯವರು ಹತ್ತು ನಿಮಿಷ ನುಡಿಸಿ ನೋಡಿ, “ಸಾರ್, ಸ್ವರವನ್ನು ಜಾರಿಸುವುದಕ್ಕೆ ಇದರಲ್ಲಿ ಚಕ್ರವೇ ಇಲ್ಲವಲ್ಲ. ನಮ್ಮ ಪ್ರಾರ್ಥನೆಯಲ್ಲಿರುವ ಗಮಕವನ್ನು ಹೇಗೆ ನುಡಿಸಲಿ?” ಎಂದರು. ನಾವು ಅಂಗಡಿಯಲ್ಲಿ ಬಿಟ್ಟುಬಂದುದರಲ್ಲಿ ಆ ಚಕ್ರವಿದ್ದಿತು! ಐದುನೂರು ಧ್ವನಿಗಳ ಪೆಟ್ಟಿಗೆಯು ಎರಡು ವರ್ಷ ವಾರ್ಷಿಕೋತ್ಸವದಲ್ಲಿ ಮುಖ ತೋರಿಸಿ, ಆಮೇಲೆ ಬೀರುವನ್ನು ಸೇರಿತು. ಆ ಚಂದಾ ಪಟ್ಟಿಯಲ್ಲಿ ಹೂ ಮಾರುವ ಒಬ್ಬ ತಾಯಿಯ ಐವತ್ತು ರೂಪಾಯಿಯೂ ಇದ್ದಿತು. ಅದು ನನ್ನ ಮನಸ್ಸಿನ ಲೆಕ್ಕದಲ್ಲಿ ಇಂದಿಗೂ ಬಾಕಿಯಾಗಿಯೇ ನಿಂತಿದೆ. ಅನಂತರವೇ ನಾನು ಈ ಯಂತ್ರಗಳನ್ನು ಕುರಿತು ಓದಿ ಕೇಳಿ ತಿಳಿದುಕೊಳ್ಳಲು ತೊಡಗಿದುದು.

ಆದಕಾರಣ ನನ್ನ ಸೋದರಳಿಯನಿಗೆ ಹೇಳಿದುದನ್ನೇ ತಮಗೂ ಹೇಳುವೆನು. ಧ್ವನಿಗಳ ಸಂಖ್ಯೆಯನ್ನು ಎಣಿಸಬೇಡಿರಿ. ಮೊದಲು ನೋಡತಕ್ಕುದು ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರ. ಆಕಾಶವಾಣಿಯವರು ೧೯೪೦ರಿಂದ ೧೯೭೧ರವರೆಗೆ ಹಾರ್ಮೋನಿಯಮ್ಮನ್ನು ಬಾನುಲಿಯೊಳಕ್ಕೆ ಸೇರಿಸದಿದ್ದುದು ಹಿರಿಯರಿಗೆ ನೆನಪಿರಬಹುದು. ಅದರ ಸ್ವರಗಳು ಗೂಟಕ್ಕೆ ಕಟ್ಟಿದಂತೆ ಒಂದೊಂದು ಸ್ಥಾನದಲ್ಲಿಯೇ ನಿಲ್ಲುವುವು, ಒಂದರಿಂದ ಒಂದಕ್ಕೆ ಜಾರಲಾರವು, ಎಂಬುದೇ ಮುಖ್ಯವಾದ ಆಕ್ಷೇಪಣೆ. ಚಕ್ರವಿಲ್ಲದ ಕೀಬೋರ್ಡಿಗೂ ಇದೇ ದೋಷವುಂಟು. ಎರಡನೆಯದು, ಒಟ್ಟು ಶ್ರುತಿಯನ್ನು ಅಷ್ಟಷ್ಟೇ ಏರಿಸಿ ಇಳಿಸುವ ಸೌಕರ್ಯ. ಪಕ್ಕಪಕ್ಕದ ಎರಡು ಕೀಲಿಗಳ ನಡುವಣ ಅಂತರವನ್ನು ೧೦೦ ಸೆಂಟುಗಳೆಂದು ಎಣಿಸುವರು. ಯಂತ್ರವು ಒಂದೊಂದು ಸೆಂಟಿನಷ್ಟು ಸರಿಯಬಲ್ಲುದಾದರೆ ಉತ್ತಮ. ಇದರ ಪ್ರಯೋಜನ ಮುಂದೆ ಗೊತ್ತಾಗುವುದು. ಮೂರನೆಯದು, ಏಕಕಾಲದಲ್ಲಿ ಎಷ್ಟು ಸ್ವರಗಳನ್ನು ನುಡಿಸಬಹುದೆಂಬುದು. ಹಳೆಯ ಮಿನಿಮೋಗಿನಲ್ಲಿ ಒಂದೇ ಸ್ವರ. ಒಂಟಿ ರಾಗಕ್ಕೆ ಅದು ಸಾಕು, ಮೇಳಕ್ಕೆ ಸಾಲದು. ನಾಲ್ಕನೆಯದು, ಮಿಡಿ ಎಂಬ ಸಂಕೇತಪದ್ಧತಿ. ೧೯೮೩ರಲ್ಲಿ ಅಮೆರಿಕ ಜಪಾನುಗಳ ತಯಾರಕರು ಒಪ್ಪಂದ ಮಾಡಿಕೊಂಡು ತಂದ ಈ ಪದ್ಧತಿಯಿಂದ ಒಬ್ಬರು ಮಾಡಿದ ಕೀಲಿಮಣೆಯು ಇನ್ನೊಬ್ಬರು ಮಾಡಿದ ಯಂತ್ರದೊಡನೆ ಮಾತನಾಡಬಲ್ಲುದು. ಮಿಡಿಯಲ್ಲಿ ಹೋಗುವುದು ನಾದವಲ್ಲ. ಯಾವ ಕೀಲಿ, ಎಷ್ಟು ಬಲ, ಎಷ್ಟು ಹೊತ್ತು, ಎಂಬ ಆಜ್ಞೆ ಮಾತ್ರ.

ಈ ಕೊನೆಯ ಸಂಗತಿಯಿಂದ ಗೃಹಸ್ಥರಿಗೆ ಒಂದು ದೊಡ್ಡ ಉಳಿತಾಯವುಂಟು. ಮನೆಯಲ್ಲಿ ಒಂದು ಸಾಧಾರಣವಾದ ಕಂಪ್ಯೂಟರು ಇದ್ದರೆ ಅದೇ ಸಿಂಥಸೈಜರೂ ಆಗಬಹುದು, ಸ್ಯಾಂಪ್ಲರೂ ಆಗಬಹುದು. ಸರ್ಜ್ ಎಕ್ಸ್‌ಟಿ ಎಂಬ ಸಿಂಥಸೈಜರು, ಡೀಸೆಂಟ್ ಸ್ಯಾಂಪ್ಲರ್ ಎಂಬ ಸ್ಯಾಂಪ್ಲರು, ಆಡಾಸಿಟಿ ಎಂಬ ಧ್ವನಿಮುದ್ರಣದ ಸಾಧನ, ಇವು ಹಣವಿಲ್ಲದೆ ದೊರೆಯುವುವು. ಆಗ ಕೊಳ್ಳಬೇಕಾದುವು ನಾಲ್ಕೇ: ತನ್ನಿಂದ ಧ್ವನಿ ಹೊರಡಿಸದ ಒಂದು ಮಿಡಿ ಕೀಲಿಮಣೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸು, ಒಳ್ಳೆಯ ಒಂದು ಮೈಕು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು. ಕೀಲಿಯನ್ನು ಒತ್ತಿದ ಮೇಲೆ ನಾದವು ತಡವಾಗಿ ಬಂದರೆ ಮಕ್ಕಳು ಯಂತ್ರವು ಕೆಟ್ಟಿತೆಂದು ಹೆದರುವರು. ಕಂಪ್ಯೂಟರು ಶಬ್ದವನ್ನು ಕಂತುಕಂತಾಗಿ ಕಳುಹಿಸುವುದರಿಂದ ಹಾಗಾಗುವುದು. ಕಂತಿಗೆ ೨೫೬ ಅಳತೆಗಳೆಂದು ಗೊತ್ತುಮಾಡಿದರೆ ಆ ಕಂತಿನಿಂದಾಗುವ ವಿಳಂಬವು ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟು. ಒಟ್ಟು ವಿಳಂಬವು ಹತ್ತು ಭಾಗಗಳ ಸುತ್ತಿನಲ್ಲಿದ್ದರೆ ಬೆರಳಿಗೆ ತೊಡಕಾಗಲಾರದು.

ಹಾಗಾದರೆ ಯಂತ್ರವನ್ನೇ ಪ್ರತ್ಯೇಕವಾಗಿ ಕೊಳ್ಳುವುದು ವ್ಯರ್ಥವೇ? ಹಾಗೆ ಹೇಳಲಾರೆ. ಗುಂಡಿಗಳನ್ನು ಕೈಯಿಂದ ತಿರುಗಿಸುತ್ತ ಕಿವಿಯಿಂದ ಕಲಿಯುವ ಸುಖವು ಪರದೆಯ ಮೇಲೆ ದೊರೆಯದು. ಹೊಸ ನಾದಗಳನ್ನು ಹುಡುಕಬೇಕೆಂಬ ಹಂಬಲವುಳ್ಳವರು ಸಿಂಥಸೈಜರನ್ನೇ ಕೊಳ್ಳಲಿ. ತಾಳದ ತುಣುಕುಗಳನ್ನು ಜೋಡಿಸಿ ಹಾಡು ಕಟ್ಟುವವರು, ೧೯೮೮ರ ಎಂಪಿಸಿ-೬೦ರ ಮಾದರಿಯಲ್ಲಿ ಬರುವ, ಬೆರಳಿನಿಂದ ಬಡಿಯುವ ಚೌಕಗಳುಳ್ಳ ಸ್ಯಾಂಪ್ಲರನ್ನು ಕೊಳ್ಳಲಿ. ಹಳೆಯದನ್ನು ಕೊಳ್ಳುವುದಾದರೆ ಒಂದೊಂದು ಕೀಲಿಯನ್ನೂ ಒತ್ತಿ, ಒಂದೊಂದು ಗುಂಡಿಯನ್ನೂ ತಿರುಗಿಸಿ ಪರೀಕ್ಷಿಸದೆ ಹಣ ಕೊಡಬೇಡಿರಿ.

ಸ್ಯಾಂಪ್ಲರಿನ ವಿಷಯದಲ್ಲಿ ಮತ್ತೊಂದು ಮಾತನ್ನು ಮಕ್ಕಳ ಕಿವಿಯಲ್ಲಿ ಹಾಕಲೇಬೇಕು. ನೆರೆಯವರ ತೋಪಿನ ಮಾವನ್ನು ಕೇಳದೆ ಕಿತ್ತು ನಮ್ಮ ಜಾಡಿಗೆ ತುಂಬಬಹುದೇ? ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯದ ಕಾನೂನಿನಂತೆ ಒಂದು ಧ್ವನಿಮುದ್ರಿಕೆಯು ಪ್ರಕಟವಾದ ಮರುವರ್ಷದಿಂದ ೬೦ ವರ್ಷಗಳವರೆಗೆ ಅದರ ಮೇಲೆ ಒಡೆಯರಿಗೆ ಹಕ್ಕುಂಟು. ೧೯೯೧ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ಇಂತಹ ವ್ಯಾಜ್ಯವೊಂದರ ತೀರ್ಪನ್ನು ಕದಿಯಬಾರದೆಂಬ ಬೈಬಲಿನ ವಿಧಿಯಿಂದಲೇ ಆರಂಭಿಸಿದರು. ನಮ್ಮ ಹಿರಿಯರು ಅಸ್ತೇಯವನ್ನು ಯಮಗಳಲ್ಲಿ ಒಂದಾಗಿ ಎಣಿಸಿದುದೂ ಇದಕ್ಕೇ.

ಇಷ್ಟನ್ನೂ ಕೇಳಿದ ಮೇಲೆ ಸೋದರಳಿಯನು, “ಹಾಗಾದರೆ ಮಾವ, ನನ್ನ ಜಾಡಿಗೆ ಏನು ಹಾಕಲಿ?” ಎಂದನು. ಅದೇ ಹೊತ್ತಿಗೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ನಮ್ಮ ತಾಯಿಯವರು ಒಂದು ಹಸೆಯ ಹಾಡನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಅವರಿಗೆ ಎಂಬತ್ತನಾಲ್ಕು ವರ್ಷ. ಆ ಹಾಡು ಯಾವ ಪುಸ್ತಕದಲ್ಲಿಯೂ ಅಚ್ಚಾದುದನ್ನು ನಾನು ಕಂಡಿಲ್ಲ. ನಾವಿಬ್ಬರೂ ಮಾತು ನಿಲ್ಲಿಸಿ ಕೇಳಿದೆವು. ನಾನು ಹುಟ್ಟಿದಂದಿನಿಂದ ಕೇಳುತ್ತಿದ್ದ ಧ್ವನಿಯದು. ಅರವತ್ತು ವರ್ಷಗಳಲ್ಲಿ ಒಂದು ಸಲವೂ ಅದನ್ನು ಹಿಡಿದಿಡಬೇಕೆಂದು ನನಗೆ ತೋಚಿರಲಿಲ್ಲ. ಸಿಂಥಸೈಜರುಗಳು ಮುಂದಿನ ವರ್ಷವೂ ಅಂಗಡಿಯಲ್ಲಿರುವುವು. ಮಾವಿಗಾದರೋ ಒಂದೇ ಋತು.

ಮರುವಾರವೇ ಮೈಕೂ ಇಂಟರ್‌ಫೇಸೂ ಬಂದುವು. ಜೊತೆಗೆ ಎರಡು ಚಕ್ರಗಳುಳ್ಳ, ೪೯ ಕೀಲಿಗಳ ಚಿಕ್ಕ ಮಣೆಯೊಂದು ಬಂದಿತು. ಬೀಸಣಿಗೆಯನ್ನು ನಿಲ್ಲಿಸಿ, ಕಿಟಕಿಗೆ ದಪ್ಪನೆಯ ಜಮಖಾನವನ್ನು ಕಟ್ಟಿ, ಮೈಕನ್ನು ಅಕ್ಕಿಯ ಮೊರದ ಪಕ್ಕದಲ್ಲಿಟ್ಟೆವು. ಹಾಡಮ್ಮ ಎಂದು ಕೇಳಿದಾಗ ಹಾಡದೆ, ಮೈಕಿನ ನೆನಪು ಹೋದ ಮೇಲೆ ಹಾಡಿದರು. ಹಾಡಿಗೆ ಶ್ರುತಿ ಹಿಡಿಯಹೋದರೆ ಅವರ ಷಡ್ಜವು ಒಂದು ಬಿಳಿಯ ಕೀಲಿಗೂ ಅದರ ಮುಂದಿನ ಕಪ್ಪಿಗೂ ನಡುವೆ ನಿಂತಿದ್ದಿತು! ಯಂತ್ರದ ಶ್ರುತಿಯನ್ನು ೩೦ ಸೆಂಟು ಏರಿಸಿದ ಮೇಲೆಯೇ ಎರಡೂ ಕೂಡಿದುವು. ಎಂಬತ್ತನಾಲ್ಕರ ಕಂಠವು ಯಂತ್ರಕ್ಕೆ ಬಗ್ಗಬೇಕಾಗಿಲ್ಲ. ಯಂತ್ರವೇ ಕಂಠಕ್ಕೆ ಬಗ್ಗಬೇಕು. ಶ್ರುತಿಯನ್ನು ಸರಿಸುವ ಸೌಕರ್ಯವನ್ನು ನೋಡಿ ಕೊಳ್ಳಿರೆಂದುದು ಇದಕ್ಕಾಗಿಯೇ.

ಅನಂತರ ಅವನು ನಮ್ಮ ತಂದೆಯವರ ಹಾರ್ಮೋನಿಯಮ್ಮನ್ನು ಅಟ್ಟದಿಂದ ಇಳಿಸಿದನು. ಅದರ ೩೯ ಕೀಲಿಗಳಲ್ಲಿ ಮೂರು ಮೂಕವಾಗಿದ್ದುವು. ಮೂರು ಮೂರು ಕೀಲಿಗಳಿಗೊಂದರಂತೆ ನಾದವನ್ನು ಹಿಡಿದು, ನಡುವಣವನ್ನು ನೆರೆಯ ನಾದದಿಂದ ತುಂಬಿದನು. ಒಂದು ಕೀಲಿಯಷ್ಟು ಏರಿಸಬೇಕಾದರೆ ನಾದವನ್ನು ನೂರಕ್ಕೆ ಸುಮಾರು ಆರರಷ್ಟು ಬೇಗ ಓಡಿಸುವುದು. ಅಷ್ಟಕ್ಕೆ ನಾದದ ಗುಣವು ಕೆಡದು, ಹನ್ನೆರಡು ಕೀಲಿ ಏರಿಸಿದರೆ ಇಲಿಯ ಕೂಗಾಗುವುದು. ಹೀಗೆ ಮೂಕವಾಗಿದ್ದ ಮೂರು ಕೀಲಿಗಳಿಗೂ ಸ್ಯಾಂಪ್ಲರಿನಲ್ಲಿ ಬಾಯಿ ಬಂದಿತು.

ಆ ಉತ್ಸಾಹದಲ್ಲಿ ಅವನು ಅಜ್ಜಿಯ ಕಂಠವನ್ನೂ ಹಾಗೆಯೇ ತುಣುಕು ಮಾಡಿ, ನಡುನಡುವಿನ ಉಸಿರನ್ನೆಲ್ಲ ಕತ್ತರಿಸಿ, ಕೀಲಿಗಳ ಮೇಲೆ ಹರಡಿ, ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದನು. ಅವರು ಬಹಳ ಹೊತ್ತು ಕೇಳಿ, “ಚೆನ್ನಾಗಿದೆಯಪ್ಪ. ಆದರೆ ನಾನು ಉಸಿರು ತೆಗೆದುಕೊಂಡದ್ದನ್ನು ಎಲ್ಲಿ ಬಿಟ್ಟೆ?” ಎಂದು ಕೇಳಿದರು.

ಹುಡುಗನು ಏನೂ ಹೇಳದೆ ಮಹಡಿಗೆ ಹೋದನು. ಮರುದಿನ ಬಂದು ನೋಡಿದಾಗ, ಹಾಡು ಉಸಿರಿನ ಸಮೇತ, ಅಕ್ಕಿಯ ಮೊರದ ಸದ್ದಿನ ಸಮೇತ, ಒಂದು ಚೂರೂ ಕತ್ತರಿಸದೆ ಇದ್ದಿತು. ಅದರ ಹಿಂದೆ ತಂದೆಯವರ ಹಾರ್ಮೋನಿಯಮ್ಮಿನ ಸ್ವರಗಳು ಸ್ಯಾಂಪ್ಲರಿನಿಂದ ಮೆಲ್ಲನೆ ಬರುತ್ತಿದ್ದುವು. ತಂಬೂರಿಯಂತಹ ಒಂದು ಶ್ರುತಿಯು ಸಿಂಥಸೈಜರಿನಿಂದ ತುಂಬಿಕೊಂಡಿತ್ತು. ಅವನ ಪ್ರಶ್ನೆಗೆ ಅವನೇ ಉತ್ತರ ಕಂಡುಕೊಂಡಿದ್ದನು. ನಲವತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಅವನಲ್ಲಿದೆ. ಸಿಂಥಸೈಜರನ್ನು ಮುಂದಿನ ಯುಗಾದಿಯ ಹೊತ್ತಿಗೆ ನೋಡುವನಂತೆ. ಈಗ ಭಾನುವಾರಗಳಂದು ಮೈಕನ್ನು ಹಿಡಿದುಕೊಂಡು ಅಜ್ಜಿಯ ಇನ್ನುಳಿದ ಹಾಡುಗಳನ್ನು ತುಂಬಿಕೊಳ್ಳುತ್ತಿದ್ದಾನೆ. ಇದುವರೆಗೆ ಹದಿನೇಳು ಆದುವು.

ತಮ್ಮ ಮನೆಯ ಮಕ್ಕಳೂ ಜಾಡಿಯನ್ನು ಕೇಳಿಕೊಂಡು ಬಂದರೆ, ಬೇಡವೆನ್ನಬೇಡಿರಿ. ನಡುಮನೆಯಲ್ಲಿ ಯಾರು ಹಾಡುತ್ತಿದ್ದಾರೆಂಬುದನ್ನು ಮಾತ್ರ ಮೊದಲು ಒಂದು ಗಳಿಗೆ ಸುಮ್ಮನೆ ಕುಳಿತು ಕೇಳಿ ಎಂದು ಹೇಳಿರಿ.